ಮಗಳು ದೇವರಿಲ್ಲ ಅಂತಾಳೆ, ಊರಲ್ಲಿ ಅತ್ತೆಗೆ ಎಂತ ಹೇಳುವುದು?

ನೀರ್ಚಾಲು, ಈಗ ಲೀಡ್ಸ್: ನಮ್ಮ ಕಾಸರಗೋಡಿನ ಕನ್ನಡಿಗರ ಗುಂಪಿನ ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಊರಿಗೆ ಹೋಗುತ್ತಿದ್ದೇವೆ, ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೈವದ ಕೋಲ ಉಂಟು. ಹದಿನೈದರ ಮಗಳು ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ನೇರ ಹೇಳಿಬಿಟ್ಟಳು, ‘ನಾನು ದೇವರನ್ನು ನಂಬುವುದಿಲ್ಲ’ ಅಂತ. ಅತ್ತೆ ಬೈಯಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನ ಹತ್ತಿರ ಕೇಳಿದರು, ‘ಹಾಗಾದರೆ ಅವಳಿಗೆ ಯಾರ ಹೆದರಿಕೆ?’ ಈಗ ನಾದಿನಿಗೂ ಸುದ್ದಿ ಹೋಗಿದೆ. ಸಣ್ಣ ಮಕ್ಕಳನ್ನು ಇವಳ ಜೊತೆ ಬಿಡಲಿಕ್ಕೆ ಹಿಂದೆಮುಂದೆ ನೋಡುತ್ತಿದ್ದಾರಂತೆ. ನಮ್ಮ ಹುಡುಗಿ ಸುಳ್ಳು ಹೇಳುವವಳಲ್ಲ. ದೇವರನ್ನು ನಂಬದವರನ್ನು ಜನ ನಂಬುವುದಿಲ್ಲ ಯಾಕೆ? ಕೋಲದ ದಿನ ಅವಳನ್ನು ಏನು ಮಾಡಲಿ?

ಕುಂಬಳೆ, ಈಗ ದುಬೈ: ಆ ಪ್ರಾಯದಲ್ಲಿ ಎಲ್ಲರೂ ಹಾಗೆಯೇ ಅಕ್ಕಾ. ನಾಳೆ ಒಂದು ಮಗು ಆಗಲಿ, ಮಧೂರು ಗಣಪತಿಗೆ ಅಪ್ಪದ ಸೇವೆಗೆ ತಾನೇ ಓಡಿ ಬರುತ್ತಾಳೆ.

ಪೆರ್ಲ, ಈಗ ಟೊರೊಂಟೊ: ಅತ್ತೆಯವರ ಪ್ರಶ್ನೆಯಲ್ಲೇ ಉತ್ತರ ಉಂಟು. ಜಾಗದ ತಕರಾರು, ಸಾಲದ ತಕರಾರು ಅಂತ ನಮ್ಮವರು ಕಾನತ್ತೂರಿನ ದೈವಸ್ಥಾನಕ್ಕೆ ನ್ಯಾಯ ಕೇಳಲಿಕ್ಕೆ ಹೋಗುವುದು ಯಾಕೆ? ಕೋರ್ಟಿನ ಸಮನ್ಸಿಗೆ ಅಲುಗದವನೂ ಕಾನತ್ತೂರು ಅಂದರೆ ಅಲುಗುತ್ತಾನೆ. ಯಾರೂ ನೋಡದಿದ್ದರೂ ದೈವ ನೋಡುತ್ತದೆ ಎಂಬ ಧೈರ್ಯದಲ್ಲಿ ಕೊಡು ಕೊಳ್ಳುವುದು ನಡೆದಿದೆ. ಆ ಹೆದರಿಕೆ ಇಲ್ಲದವನ ಮಾತಿಗೆ ಜಾಮೀನು ಯಾರು ಅಂತ ಅವರ ಲೆಕ್ಕ. ಇಂಗ್ಲೆಂಡಿನಲ್ಲೂ ಅದೇ. 1689ರಲ್ಲಿ ಮತಸಹಿಷ್ಣುತೆಯ ಪರ ಬರೆದ ತತ್ವಜ್ಞಾನಿ ಜಾನ್ ಲಾಕ್ ಕೂಡ, ಆಣೆ ಪ್ರಮಾಣ ನಾಸ್ತಿಕರನ್ನು ಕಟ್ಟಿಹಾಕುವುದಿಲ್ಲ ಅಂದ.

2017ರಲ್ಲಿ ಮನಶ್ಶಾಸ್ತ್ರಜ್ಞ ವಿಲ್ ಜರ್ವೈಸ್ ಮತ್ತು ಸಂಗಡಿಗರ ಅಧ್ಯಯನ ಬಂತು. 13 ದೇಶ, ಭಾರತವೂ ಇತ್ತು. ಸಣ್ಣದರಲ್ಲಿ ಪ್ರಾಣಿಗಳನ್ನು ಹಿಂಸಿಸಿ, ದೊಡ್ಡವನಾಗಿ ಕೊಲೆ ಮಾಡಿದವನ ಕಥೆ ಹೇಳಿ ಅವನು ಎಂಥವನಿರಬಹುದು ಅಂತ ಕೇಳಿದರು. ಆಸ್ತಿಕ ಅಂದುಕೊಂಡವರಿಗಿಂತ ನಾಸ್ತಿಕ ಅಂದುಕೊಂಡವರು ಸುಮಾರು ಎರಡು ಪಟ್ಟು. ತಮಾಷೆ ಅಂದರೆ ನಾಸ್ತಿಕರ ಊಹೆಯೂ ಅದೇ! ಮತ್ತೆ ಅತ್ತೆಯವರನ್ನು ಎಂತ ಬೈಯುವುದು? ಪೊಲೀಸರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ನೆನಪಿಸಿದರೆ ಈ ಅಪನಂಬಿಕೆ ಸ್ವಲ್ಪ ಇಳಿಯುತ್ತದೆ ಅಂತಲೂ ಜರ್ವೈಸ್ 2012ರಲ್ಲಿ ತೋರಿಸಿದ್ದರು. ಜನರಿಗೆ ಮೇಲೆ ನೋಡಿಕೊಳ್ಳುವವರು ಯಾರಾದರೂ ಬೇಕು, ಅಷ್ಟೇ.

ಕೋಲದ ದಿನ ಅವಳಿಗೆ ಕೆಲಸ ಕೊಡಿ. ಎಲೆ ಹಾಕಲಿ, ಬಂದವರಿಗೆ ಬೆಲ್ಲ ನೀರು ಕೊಡಲಿ. ಪ್ರಸಾದಕ್ಕೆ ಒತ್ತಾಯ ಬೇಡ. ನಾದಿನಿಯ ಮಕ್ಕಳು ಹೇಗೂ ಅವಳ ಹಿಂದೆಯೇ ಸುತ್ತುತ್ತವೆ.

ಮುಳ್ಳೇರಿಯ, ಈಗ ಸಿಂಗಾಪುರ: ಅಧ್ಯಯನ ಗಿಧ್ಯಯನ ಬಿಡಿ. ಇದೆಲ್ಲ ಕನ್ನಡ ಬಿಟ್ಟದ್ದರ ಫಲ. ಮನೆಯಿಂದ ಕನ್ನಡ ಹೋದರೆ ದೇವರೂ ಹೋಗುತ್ತಾನೆ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಬರೆದಿಲ್ಲ? 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಬಂತು, ಯಾರು ಕೇಳಿದರು? ನನ್ನ ಮಕ್ಕಳಿಬ್ಬರೂ ಯಕ್ಷಗಾನದ ಪದ ಹೇಳುತ್ತಾರೆ, ದಿನಾ ಸಂಜೆ ಭಜನೆ. ದೇವರ ಭಯ ಇಲ್ಲದವರ ಹತ್ತಿರ ನಾನು ನೂರು ರೂಪಾಯಿಯ ವ್ಯವಹಾರವೂ ಮಾಡುವುದಿಲ್ಲ.

ನೀರ್ಚಾಲು, ಈಗ ಲೀಡ್ಸ್: ಮಾರಾಯ್ರೆ, ಅವಳು ಅಜ್ಜಿಗೆ ಅದನ್ನು ಹೇಳಿದ್ದು ಕನ್ನಡದಲ್ಲೇ.

ಕಾಸರಗೋಡು, ಈಗ ಮಸ್ಕತ್: ನೂರು ರೂಪಾಯಿ ಅಂದದ್ದಕ್ಕೆ ಹೇಳುತ್ತೇನೆ. ನಮ್ಮೂರ ಸಹಕಾರಿ ಬ್ಯಾಂಕಿನಲ್ಲಿ ಒಬ್ಬರು ಸೆಕ್ರೆಟರಿ ಇದ್ದರು. ಪಕ್ಕಾ ಕಮ್ಯುನಿಸ್ಟ್ ಪಾರ್ಟಿಯವರು, ದೇವಸ್ಥಾನದ ಮೆಟ್ಟಿಲು ಹತ್ತಿದವರಲ್ಲ. ಬ್ರಹ್ಮಕಲಶದ ವಸೂಲಿ ಲೆಕ್ಕ ಮಾತ್ರ ಅವರ ಕೈಯಲ್ಲೇ! ರಸೀದಿ ಪುಸ್ತಕದ ಪ್ರತಿ ಹಾಳೆಗೂ ಕೆಂಪು ಶಾಯಿಯಲ್ಲಿ ನಂಬ್ರ ಹಾಕಿ ಕೊಡುವುದು. ಒಂದು ಹಾಳೆ ಹರಿದರೂ ಆ ಚೂರನ್ನು ತಂದು ತೋರಿಸಬೇಕು. ದೇವರ ಭಯ ಇದ್ದ ಸಮಿತಿಯವರೇ ಅವರನ್ನು ಹುಡುಕಿಕೊಂಡು ಹೋದದ್ದು. ನಮ್ಮ ಕೇರಳದ ಎಷ್ಟೋ ಮಂತ್ರಿಗಳು ದೇವರ ಹೆಸರು ಎತ್ತದೆ ‘ದೃಢೀಕರಿಸುತ್ತೇನೆ’ ಅಂತಲೇ ಅಧಿಕಾರ ತೆಗೆದುಕೊಳ್ಳುವುದು. ಸಂವಿಧಾನದಲ್ಲೇ ಎರಡೂ ದಾರಿ ಉಂಟು.

ಮುಳ್ಳೇರಿಯ, ಈಗ ಸಿಂಗಾಪುರ: ‘ನಮ್ಮ ಕೇರಳ’ ಅಂತೆ! ಇಂಥವರು ಇದ್ದ ಮೇಲೆ ಇನ್ನೆಂತ ಹೇಳುವುದು.

ಉಪ್ಪಳ, ಈಗ ಮೆಲ್ಬರ್ನ್: ಜಗಳ ಬೇಡ. ನನ್ನ ಮಗ ನಂಬುವುದಿಲ್ಲ, ಆದರೆ ಹೇಳುವುದೂ ಇಲ್ಲ. ಊರಿಗೆ ಬಂದರೆ ಗಂಧ ಹಚ್ಚಿಕೊಂಡು ಕೈಮುಗಿದು ನಿಲ್ಲುತ್ತಾನೆ. ಎಲ್ಲರಿಗೂ ಬಲು ಒಳ್ಳೆಯ ಹುಡುಗ. ಅವನ ಮನಸ್ಸಿನಲ್ಲಿ ಎಂತ ಉಂಟು ಅಂತ ನನಗೇ ಗೊತ್ತಿಲ್ಲ.

ಕುಂಬಳೆ, ಈಗ ದುಬೈ: ಅಣ್ಣಾ, ಮಕ್ಕಳಿಗೆ ಕನ್ನಡ ಕಲಿಸಲಿಕ್ಕೆ ಪುಸ್ತಕ ಯಾವುದು ಒಳ್ಳೆಯದು? ಮಂಗಳೂರಿಂದ ತರಿಸಬೇಕಾ?

ಮುಳ್ಳೇರಿಯ, ಈಗ ಸಿಂಗಾಪುರ: ಬೇಡ, ನನ್ನ ಹತ್ತಿರ ಪಿಡಿಎಫ್ ಉಂಟು. ಬೇಕಾದವರು ಇಲ್ಲೇ ಹೇಳಿ.

ಕಾಸರಗೋಡು, ಈಗ ಮಸ್ಕತ್: ನನಗೂ ಒಂದು ಕಳಿಸಿ.