ದೆಹಲಿಗೆ ಮನವಿ ಕೊಟ್ಟರೆ ನಮ್ಮ ಪಗಾರ ಜಾಸ್ತಿ ಆಗುತ್ತಾ?

ರಾತ್ರಿಪಾಳಿ_ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆರು ವರ್ಷ ಆಯಿತು, ಕೈಗೆ ಬರುವ ಪಗಾರ 12,500. 30 ಹಾಸಿಗೆಯ ದವಾಖಾನೆ, ರಾತ್ರಿ ಇಬ್ಬರೇ ಇರುತ್ತೇವೆ, ಒಬ್ಬಳು ಐಸಿಯುಗೆ ಹೋದರೆ ಉಳಿದದ್ದೆಲ್ಲ ಇನ್ನೊಬ್ಬಳ ತಲೆ ಮೇಲೆ.

ಮೊನ್ನೆ ನಮ್ಮ ಸಂಘದವರು ಬಂದು 500 ರೂಪಾಯಿ ಚಂದಾ ಕೇಳಿದರು. ದೆಹಲಿಗೆ ಹೋಗಿ ಕೇಂದ್ರ ಆರೋಗ್ಯ ಸಚಿವರಿಗೆ ಮನವಿ ಕೊಡುತ್ತಾರಂತೆ. ಹೋದ ವರ್ಷವೂ ಕೊಟ್ಟಿದ್ದೆ. ಆಗ ಡಿಸಿ ಆಫೀಸಿನ ಮುಂದೆ ಮನವಿ ಹಿಡಿದು ನಿಂತ ಫೋಟೋ ವಾಟ್ಸಾಪ್‌ಗೆ ಬಂತು, ಎರಡನೇ ಸಾಲಿನಲ್ಲಿ ನನ್ನ ಅರ್ಧ ಮುಖ ಕಾಣುತ್ತದೆ, ಅಷ್ಟೇ. ಆ ಕಾಗದ ಆಮೇಲೆ ಎಲ್ಲಿಗೆ ಹೋಯಿತೋ ಶರಣಬಸಪ್ಪ ದೇವರಿಗೇ ಗೊತ್ತು. ಡಾಕ್ಟರುಗಳ ಸಂಘ ಹೇಳಿದ್ದನ್ನು ಸರ್ಕಾರ ತಟ್ಟನೆ ಕೇಳುತ್ತದೆ, ನಮ್ಮದು ಯಾಕೆ ಕೇಳಲ್ಲ? ಈ 500 ಕೊಡಬೇಕೋ ಬೇಡವೋ?

ಬ್ಯಾಗ್_ಹೊತ್ತವ

ಡಾಕ್ಟರುಗಳಿಗೂ ಕೇಳಿದ್ದೆಲ್ಲ ಸಿಗಲ್ಲ ಸಿಸ್ಟರ್. ನಾನು ಎಂಆರ್, ಔಷಧಿ ಕಂಪನಿ ಪ್ರತಿನಿಧಿ, ದಿನಾ ಕ್ಲಿನಿಕ್ ಬಾಗಿಲಲ್ಲಿ ಕಾಯುವವ, ಕಂಡದ್ದು ಹೇಳುತ್ತೇನೆ. ಅವರು ಗೆಲ್ಲುವುದು ಬರುತ್ತಿರುವುದನ್ನು ತಡೆಯುವಾಗ. 2023ರ ಆಗಸ್ಟ್ ನೆನಪಿದೆಯಾ? ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತ್ತು, ಚೀಟಿಯಲ್ಲಿ ಬ್ರಾಂಡ್ ಬಿಟ್ಟು ಔಷಧಿಯ ಜೆನೆರಿಕ್ ಹೆಸರೇ ಬರೆಯಬೇಕು, ಔಷಧಿ ಕಂಪನಿ ದುಡ್ಡಿನ ಕಾನ್ಫರೆನ್ಸಿಗೆ ಹೋಗಬಾರದು ಅಂತ. ನಮ್ಮ ಹೊಟ್ಟೆಗೂ ಕುತ್ತು ಬಂತು ಅಂತ ನಾವು ನಾಲ್ಕು ಜನ ಜಗತ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಾ ಲೆಕ್ಕ ಹಾಕಿದ್ದೆವು. ಡಾಕ್ಟರುಗಳ ಸಂಘ ಐಎಂಎದವರು ಸಚಿವರನ್ನು ಕಂಡರು. ಮೂರೇ ವಾರಕ್ಕೆ ನಿಯಮಕ್ಕೆ ತಡೆ ಬಿತ್ತು.

ಅದೇ ಹೊಸದು ಕೇಳಿದಾಗ ನೋಡಿ. ದವಾಖಾನೆಯಲ್ಲಿ ಕೈ ಮಾಡಿದವರ ಮೇಲೆ ಕೇಂದ್ರ ಕಾನೂನು ಬೇಕು ಅಂತ ವರ್ಷಗಟ್ಟಲೆ ಕೇಳುತ್ತಿದ್ದಾರೆ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್ 23ಕ್ಕೆ ಕರಾಳ ದಿನ ಅಂತ ಐಎಂಎ ಘೋಷಿಸಿತ್ತು. ಹಿಂದಿನ ದಿನವೇ ಅಮಿತ್ ಶಾ ಮಾತಾಡಿದರು, ಅವತ್ತೇ ಸುಗ್ರೀವಾಜ್ಞೆ. ಆದರೆ ಅದು 1897ರ ಸಾಂಕ್ರಾಮಿಕ ರೋಗ ಕಾಯ್ದೆಗೆ ತಿದ್ದುಪಡಿ, ಸಾಂಕ್ರಾಮಿಕ ಇದ್ದಾಗಷ್ಟೇ ಕೆಲಸಕ್ಕೆ ಬರುವುದು. ಕೋಲ್ಕತ್ತಾದ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಅತ್ಯಾಚಾರ, ಕೊಲೆ ಆದಮೇಲೆ 2024ರ ಆಗಸ್ಟ್ 17ಕ್ಕೆ ದೇಶದ ತುಂಬ ಒಪಿಡಿ ಬಂದ್ ಮಾಡಿದರು. ಸುಪ್ರೀಂ ಕೋರ್ಟ್ ಒಂದು ಕಾರ್ಯಪಡೆ ಮಾಡಿತು. ಆ ಕಾರ್ಯಪಡೆಯೂ ಬೇರೆ ಕೇಂದ್ರ ಕಾನೂನು ಬೇಕಾಗಿಲ್ಲ ಅಂದುಬಿಟ್ಟಿತು.

ಸೂಪರ್‌ಮಾರ್ಕೆಟ್_ಮೆಡಿಕಲ್ಸ್

ಎಂಆರ್ ಸಾಹೇಬ್ರೆ, ತಡೆದವರೆಲ್ಲ ಗೆದ್ದರು ಅಂತಲೂ ಅಲ್ಲ. ಆನ್‌ಲೈನ್ ಔಷಧಿ ಮಾರಾಟಕ್ಕೆ ಕೇಂದ್ರ 2018ರಲ್ಲಿ ಕರಡು ನಿಯಮ ಹೊರಡಿಸಿತು. ನಮ್ಮ ಔಷಧಿ ಅಂಗಡಿಯವರ ಅಖಿಲ ಭಾರತ ಸಂಘ ಬಂದ್‌ಗೆ ಕರೆ ಕೊಟ್ಟಿತು, ಸೆಪ್ಟೆಂಬರ್ 28ಕ್ಕೆ ನಾನೂ ಷಟರ್ ಎಳೆದೆ. ಅರ್ಧ ಎಳೆದು ಒಳಗೆ ಕೂತಿದ್ದೆ ಬಿಡಿ, ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು ಇನ್ಸುಲಿನ್‌ಗೆ ಬಂದರೆ ಇಲ್ಲ ಅನ್ನೋಕೆ ಆಗುತ್ತಾ? ಆ ಕರಡು ಕರಡಾಗಿಯೇ ಉಳಿಯಿತು. ಆ್ಯಪ್ ಹುಡುಗ ಮಾತ್ರ ಈಗ ನನ್ನ ಅಂಗಡಿ ಮುಂದೆಯೇ ಗಾಡಿ ನಿಲ್ಲಿಸಿ ಮೇಲಿನ ಮನೆಗೆ ಗುಳಿಗೆ ಕೊಟ್ಟು ಹೋಗುತ್ತಾನೆ.

ನಿವೃತ್ತ_ಸಿಸ್ಟರ್_ಬೀದರ್

ತಂಗಿ, ಇವರ ಕತೆ ಇರಲಿ. ನಿನಗೆ ಬೇಕಾದ ಕಾಗದ ದೆಹಲಿಯಲ್ಲಿ ಆಗಲೇ ಇದೆ, ಹೊಸದು ಬರೆಯುವುದೇ ಬೇಡ. ಟಿಎನ್‌ಎಐ ಅಂತ ನರ್ಸುಗಳ ಹಳೇ ಸಂಘ, 1908ರದ್ದು. ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಖಾಸಗಿ ನರ್ಸುಗಳ ಪಗಾರ ನೋಡಲು ಸಮಿತಿ ಮಾಡಿ ಅಂತ 2016ರ ಜನವರಿಯಲ್ಲಿ ಕೋರ್ಟ್ ಕೇಂದ್ರಕ್ಕೆ ಹೇಳಿತು. ಸಮಿತಿ ಹೇಳಿದ್ದು ಇಷ್ಟು: 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ಸರ್ಕಾರಿ ನರ್ಸಿಗೆ ಸಮ, 100 ದಾಟಿದ್ದರೆ ಹೆಚ್ಚೆಂದರೆ ಶೇ 10 ಕಡಿಮೆ, 50ರಿಂದ 100ಕ್ಕೆ ಶೇ 25 ಕಡಿಮೆ, 50 ಕೂಡ ಇಲ್ಲದ ಕಡೆ 20,000ಕ್ಕಿಂತ ಕೆಳಗೆ ಇಳಿಯಬಾರದು. ನಿನ್ನದು 30 ಹಾಸಿಗೆ ಅಲ್ವಾ?

ಕೇಂದ್ರ ಏನು ಮಾಡಿತು? ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಪತ್ರ ಬರೆದು ಕೈ ತೊಳೆದುಕೊಂಡಿತು. ಸಂಸತ್ತಿನಲ್ಲಿ ಯಾರಾದರೂ ಕೇಳಿದರೆ, ಆರೋಗ್ಯ ರಾಜ್ಯದ ವಿಷಯ ಅನ್ನುತ್ತಾರೆ. ಸಂವಿಧಾನದಲ್ಲಿ ಹಾಗೇ ಇದೆ, ಸುಳ್ಳಲ್ಲ. ಕೇರಳದ ಹುಡುಗಿಯರಿಗೆ ಇದು ಬೇಗ ಅರ್ಥವಾಯಿತು. ಅವರು ತಿರುವನಂತಪುರವನ್ನೇ ಹಿಡಿದರು. 2018ರ ಏಪ್ರಿಲ್‌ನಲ್ಲಿ ಲಾಂಗ್ ಮಾರ್ಚ್ ಹೊರಡುವ ಮೊದಲೇ 20,000 ಮೂಲ ವೇತನದ ಅಧಿಸೂಚನೆ ಬಂತು. ನಿಮ್ಮ ಸಂಘದವರು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಲಿ, ಬೇಡ ಅನ್ನಲ್ಲ, ಆದರೆ ದೆಹಲಿಗೆ ಹೋಗುವುದನ್ನಲ್ಲ, ಬೆಂಗಳೂರಿಗೆ ಹೋಗುವುದನ್ನು. ಕನಿಷ್ಠ ವೇತನ ಅಲ್ಲಿನ ಕಾರ್ಮಿಕ ಇಲಾಖೆ ಕೈಯಲ್ಲಿ.

ಯಾದಗಿರಿ_ಲೈಬ್ರರಿ

ಅಕ್ಕಾರ ಮಾತು ಖರೆ, ಆದರೆ ದೆಹಲಿಯನ್ನು ಪೂರ್ತಿ ಬಿಡಬೇಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಬಂದದ್ದು ದೆಹಲಿಯಿಂದಲೇ. ಹೋರಾಟಗಾರ ವೈಜನಾಥ ಪಾಟೀಲರಂಥವರು ಎಷ್ಟು ವರ್ಷ ಬೆನ್ನು ಹತ್ತಿದರು, ಆಮೇಲೆ ತಾನೇ 2012ರಲ್ಲಿ ಸಂಸತ್ತು ಒಪ್ಪಿದ್ದು. ಇನ್ನೊಂದು, ಸಚಿವರ ಜೊತೆ ಫೋಟೋಕ್ಕಿಂತ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ಮೇಲು. ಮಸೂದೆ ಅವರ ಹತ್ತಿರ ಹೋದಾಗ ಜಾಹೀರಾತು ಕೊಟ್ಟು ಲಿಖಿತ ಅಭಿಪ್ರಾಯ ಕೇಳುತ್ತಾರೆ, ಯಾರು ಬೇಕಾದರೂ ಬರೆಯಬಹುದು. 2018ರ ಜನವರಿ 2ಕ್ಕೆ ಡಾಕ್ಟರುಗಳು ಮುಷ್ಕರ ಹೂಡಿದ ದಿನವೇ ವೈದ್ಯಕೀಯ ಆಯೋಗದ ಮಸೂದೆ ಅಲ್ಲಿಗೆ ಹೋಯಿತು, ಆಯುಷ್‌ನವರಿಗೆ ಅಲೋಪತಿ ಔಷಧಿ ಬರೆಯಲು ಬಿಡುವ ಬ್ರಿಜ್ ಕೋರ್ಸ್ ಕೊನೆಗೆ ಬಿದ್ದುಹೋಯಿತು.

ರಾತ್ರಿಪಾಳಿ_ಕಲಬುರಗಿ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾರೆ, ಆ 20,000 ಓದಿ ರಾತ್ರಿ ಡ್ಯೂಟಿಯಲ್ಲಿ ಡ್ರಿಪ್ ಎಣಿಸುವುದೇ ಮರೆತೆ. ಬೆಳಿಗ್ಗೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, 2016ರ ಸಮಿತಿ ವರದಿ ಮನವಿಯಲ್ಲಿ ಹಾಕಿದ್ದೀರಾ ಸರ್ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಯಾವ ಸಮಿತಿನಮ್ಮಾ?" ಅಂದರು. 500 ಕೊಡುತ್ತೇನೆ ಸರ್, ಆದರೆ ಮೊದಲು ಅದರ ಪ್ರಿಂಟ್ ತೆಗೆಸಿಕೊಂಡು ನಾನೇ ಬರುತ್ತೇನೆ ಅಂದಿದ್ದೇನೆ. ಭಾನುವಾರ ಸಭೆ ಇದೆ, ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.