ಕಿನ್ನರ ಕಥೆಗಳ ಹೊಸ ಸಿನಿಮಾಗಳನ್ನು ತರಗತಿಯಲ್ಲಿ ತೋರಿಸುವುದು ಹೇಗೆ? – ಅನುಭವ ಹಂಚಿಕೆ

ಕೇಳಿಕೆ

ಪದವಿ ತರಗತಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಹಳೆಯ ಕಿನ್ನರ ಕಥೆಗಳನ್ನು ಆಧುನಿಕೋತ್ತರ ರೀತಿಯಲ್ಲಿ, ಅಂದರೆ ಕಥೆ ಹೇಳುವ ಸಿದ್ಧ ರೀತಿಯನ್ನೇ ಪ್ರಶ್ನಿಸುತ್ತಾ, ಮತ್ತೆ ಹೇಳುವ ಸಿನಿಮಾಗಳ ಬಗ್ಗೆ ಈ ಸೆಮಿಸ್ಟರ್‌ನಲ್ಲಿ ಪಾಠ ಮಾಡಬೇಕಾಗಿದೆ. ವಿದ್ಯಾರ್ಥಿಗಳು ಖುಷಿಯಿಂದ ನೋಡುತ್ತಾರೆ, ಆದರೆ ಚರ್ಚೆ ಮಾತ್ರ "ಇಲ್ಲಿ ಕೆಟ್ಟವಳೇ ಒಳ್ಳೆಯವಳು" ಎಂಬ ಮಾತಿನಿಂದ ಮುಂದಕ್ಕೆ ಹೋಗುವುದಿಲ್ಲ. ಯಾವ ಚಿತ್ರಗಳನ್ನು ಆರಿಸಿಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಇಂಥ ಪಾಠ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಒಬ್ಬ ಕಾಲೇಜು ಅಧ್ಯಾಪಕ

ಮೇಡಂ, ಇದೇ ಪಾಠವನ್ನು ನಾನೂ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಸಿನಿಮಾಕ್ಕೆ ಮುಂಚೆ ಹಳೆಯ ಕಥೆಯನ್ನು ಅಚ್ಚಾದ ರೂಪದಲ್ಲಿಯೇ ಓದಿಸಿ ಎಂಬುದು ನನ್ನ ಮೊದಲ ಸಲಹೆ. ನಮ್ಮ ವಿದ್ಯಾರ್ಥಿಗಳು ಮೂಲ ಕಥೆ ಎಂದುಕೊಂಡಿರುವುದು ಬಹುಮಟ್ಟಿಗೆ ಡಿಸ್ನಿಯವರು 1937ರಲ್ಲಿ ತೆರೆಗೆ ತಂದ 'ಸ್ನೋ ವೈಟ್'ನಂಥ ಚಿತ್ರಗಳನ್ನೇ. ಜರ್ಮನಿಯ ಕಥೆ ಸಂಗ್ರಾಹಕರಾದ ಗ್ರಿಮ್ ಸೋದರರ ಕಥೆಯಲ್ಲಿ ಸ್ನೋ ವೈಟ್ ರಾಜಕುಮಾರನ ಮುತ್ತಿನಿಂದ ಏಳುವುದಿಲ್ಲ. ಗಾಜಿನ ಪೆಟ್ಟಿಗೆ ಹೊತ್ತ ಆಳುಗಳು ಎಡವಿದಾಗ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸೇಬಿನ ಚೂರು ಹೊರಬಿದ್ದು ಆಕೆ ಕಣ್ಣು ಬಿಡುತ್ತಾಳೆ. 1812ರ ಮೊದಲ ಮುದ್ರಣದಲ್ಲಿ ಅವಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರ ಮುದ್ರಣದ ಹೊತ್ತಿಗೆ ಆ ತಾಯಿ ಮಲತಾಯಿಯಾಗಿದ್ದಳು. ಕೆಂಪು ಟೋಪಿಯ ಹುಡುಗಿಯ ಕಥೆಯಂತೂ ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಪ್ರಕಟಿಸಿದ ರೂಪದಲ್ಲಿ, ತೋಳ ಅವಳನ್ನು ತಿಂದಲ್ಲಿಗೇ ಮುಗಿದುಹೋಗುತ್ತದೆ. ತೋಳದ ಹೊಟ್ಟೆ ಸೀಳಿ ಅವಳನ್ನು ಉಳಿಸುವ ಬೇಟೆಗಾರ ಕಾಣಿಸಿಕೊಳ್ಳುವುದು ಗ್ರಿಮ್ ಸೋದರರಲ್ಲಿ. ಇಷ್ಟನ್ನು ಓದಿದ ವಿದ್ಯಾರ್ಥಿಗೆ, ಕಥೆಯನ್ನು ತಿದ್ದುವ ಕೆಲಸ ಸಿನಿಮಾದವರಿಂದ ಶುರುವಾಗಲಿಲ್ಲ, ಹೇಳಿದ ಪ್ರತಿಯೊಬ್ಬರೂ ತಮ್ಮ ಕಾಲಕ್ಕೆ ತಕ್ಕಂತೆ ತಿದ್ದಿದ್ದಾರೆ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಆಮೇಲೆ 2001ರ 'ಶ್ರೆಕ್' ಚಿತ್ರದ ಆರಂಭವನ್ನಷ್ಟೇ ತೋರಿಸಿ ನಿಲ್ಲಿಸಿ. ಅಲಂಕಾರದ ಹಳೆಯ ಪುಸ್ತಕವೊಂದು ತೆರೆದುಕೊಳ್ಳುತ್ತದೆ. ಗೋಪುರದಲ್ಲಿ ಸೆರೆಯಾದ ರಾಜಕುಮಾರಿ, ಕಾವಲಿಗಿರುವ ಡ್ರ್ಯಾಗನ್, ಬಿಡಿಸಿಕೊಳ್ಳುವ ಮೊದಲ ಮುತ್ತು, ಎಲ್ಲವನ್ನೂ ಒಂದು ಗಂಡುದನಿ ಓದುತ್ತಾ ಹೋಗುತ್ತದೆ. ಇದ್ದಕ್ಕಿದ್ದಂತೆ ಆ ದನಿ ನಗುತ್ತದೆ, ಹಸಿರು ಕೈಯೊಂದು ಹಾಳೆಯನ್ನು ಹರಿದುಕೊಳ್ಳುತ್ತದೆ, ನೀರು ಸುರಿದ ಸದ್ದಾಗುತ್ತದೆ, ಪಾಯಿಖಾನೆಯ ಬಾಗಿಲು ತೆಗೆದು ಚಿತ್ರದ ನಾಯಕನಾದ ಹಸಿರು ರಾಕ್ಷಸ ಶ್ರೆಕ್ ಹೊರಗೆ ಬರುತ್ತಾನೆ. ತರಗತಿ ನಗುತ್ತದೆ, ನಗಲಿ. ನಗು ನಿಂತ ಮೇಲೆ "ಹಾಳೆ ಹರಿಯುವವರೆಗೆ ಈ ಕಥೆಯನ್ನು ಯಾರು ಓದುತ್ತಿದ್ದಾರೆ ಎಂದುಕೊಂಡಿದ್ದಿರಿ?" ಎಂದು ಕೇಳಿ. ನಂತರ 1937ರ 'ಸ್ನೋ ವೈಟ್' ಶುರುವಾಗುವ ಬಗೆಯನ್ನು ತೋರಿಸಿ. ಅಲ್ಲಿಯೂ ಇಂಥದೇ ಪುಸ್ತಕ ತೆರೆದುಕೊಳ್ಳುತ್ತದೆ. 'ಶ್ರೆಕ್' ಗೇಲಿ ಮಾಡುತ್ತಿರುವುದು ರಾಜಕುಮಾರಿಯನ್ನಲ್ಲ, ಕಥೆ ಹೇಳುವ ಒಂದು ಸಿದ್ಧ ರೀತಿಯನ್ನು ಎಂಬುದು ನನ್ನ ತರಗತಿಗಳಲ್ಲಿ ವಿದ್ಯಾರ್ಥಿಗಳ ಬಾಯಿಂದಲೇ ಬಂದಿದೆ. ಆಧುನಿಕೋತ್ತರ ಎಂಬ ಮಾತನ್ನು ನಾನು ಅಲ್ಲಿಯವರೆಗೆ ಎತ್ತುವುದೇ ಇಲ್ಲ.

ಕೆಟ್ಟವಳು ಒಳ್ಳೆಯವಳಾಗುವ ಚರ್ಚೆಗೆ 2014ರಲ್ಲಿ ಬಂದ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಶಾಪದಿಂದ ನಿದ್ರೆಗೆ ಬೀಳುವ ರಾಜಕುಮಾರಿಯ ಕಥೆಯನ್ನು ಮತ್ತೆ ಹೇಳುವ 'ಮೆಲಿಫಿಸೆಂಟ್'ನಲ್ಲಿ ಶಾಪ ಕೊಟ್ಟವಳೇ ನಾಯಕಿ. ನಿದ್ರೆಯನ್ನು ಮುರಿಯುವುದೂ ರಾಜಕುಮಾರನ ಮುತ್ತಲ್ಲ, ಅವಳು ಪಶ್ಚಾತ್ತಾಪದಿಂದ ಹುಡುಗಿಯ ಹಣೆಗೆ ಕೊಟ್ಟ ಮುತ್ತು. ಈ ದೃಶ್ಯ ನನಗೆ ಬಹಳ ಇಷ್ಟ. ಆದರೆ ಕೊನೆಯಲ್ಲಿ, ಇದನ್ನೆಲ್ಲ ಹೇಳಿದವಳು ನಿದ್ರಿಸಿದ್ದ ಆ ರಾಜಕುಮಾರಿಯೇ ಎಂದು ಗೊತ್ತಾಗುತ್ತದೆ. ಅಂದರೆ ಚಿತ್ರ ಹಳೆಯ ಕಥೆಯನ್ನು ಸುಳ್ಳೆಂದು ತಳ್ಳಿ ತನ್ನದನ್ನು ನಿಜವೆಂದು ಸ್ಥಾಪಿಸುತ್ತದೆ, ತನ್ನ ಮಾತನ್ನು ತಾನು ಅನುಮಾನಿಸುವುದಿಲ್ಲ. ಹಲವು ಕಿನ್ನರ ಕಥೆಗಳನ್ನು ಒಂದಾಗಿ ಹೆಣೆದ 'ಇನ್‌ಟು ದ ವುಡ್ಸ್' ಹಾಗಲ್ಲ. ಅದರಲ್ಲಿ ಸಿಂಡ್ರೆಲಾ ಮದುವೆ ಆಗಿಹೋಗುತ್ತದೆ, ಎಲ್ಲರ ಆಸೆಯೂ ಕೈಗೂಡುತ್ತದೆ, ಅದಾದ ಮೇಲೆ ಗಂಡನನ್ನು ಕಳೆದುಕೊಂಡ ದೈತ್ಯಳು ನ್ಯಾಯ ಕೇಳಲು ಬರುತ್ತಾಳೆ, ರಾಜಕುಮಾರ ಮತ್ತೊಬ್ಬಳ ಹಿಂದೆ ಹೋಗುತ್ತಾನೆ. ಈ ಚಿತ್ರಕ್ಕೆ ಆಧಾರವಾದ ಸಂಗೀತ ನಾಟಕದಲ್ಲಿ ಪಾತ್ರಗಳು ನಿರೂಪಕನನ್ನೇ ಹಿಡಿದು ದೈತ್ಯಳಿಗೆ ಒಪ್ಪಿಸಿಬಿಡುತ್ತವೆ! ಸಿನಿಮಾದಲ್ಲಿ ಅದನ್ನು ಕೈಬಿಟ್ಟು, ಕಥೆಯೊಳಗಿನ ಬೇಕರಿಯವನಿಗೇ ನಿರೂಪಣೆಯನ್ನು ಕೊಟ್ಟಿದ್ದಾರೆ. ಈ ಬದಲಾವಣೆಯಿಂದ ಏನು ಉಳಿಯಿತು, ಏನು ಹೋಯಿತು ಎಂಬ ಪ್ರಶ್ನೆಯೊಂದೇ ಒಂದು ಪೀರಿಯಡ್ಡಿಗೆ ಸಾಕಾಗುತ್ತದೆ.

'ಎನ್‌ಚ್ಯಾಂಟೆಡ್' (2007) ಕೂಡ ಉಪಯುಕ್ತವೇ. ಕಾರ್ಟೂನಿನ ಕಿನ್ನರಲೋಕದಿಂದ ಇಂದಿನ ನ್ಯೂಯಾರ್ಕಿಗೆ ಬಂದುಬಿದ್ದ ರಾಜಕುಮಾರಿ ಅಲ್ಲಿನ ಮನೆಯಲ್ಲಿ ಹಾಡಿ ಕರೆದಾಗ ಕೆಲಸಕ್ಕೆ ಇಲಿ, ಪಾರಿವಾಳ, ಜಿರಳೆಗಳು ಬರುವ ದೃಶ್ಯವೊಂದನ್ನು ತೋರಿಸಿದರೆ ಸಾಕು.

ಉತ್ತರ 2: ಚಿತ್ರಸಮಾಜವೊಂದರ ಕಾರ್ಯಕರ್ತೆ

ಮೇಲಿನ ಸಲಹೆಗಳನ್ನು ಗೌರವಿಸುತ್ತೇನೆ, ಆದರೆ 'ಶ್ರೆಕ್'ನಿಂದ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ನಗುವಿನಿಂದ ಆರಂಭಿಸಿದರೆ, ಮರುಕಥನವೆಂದರೆ ಅಣಕ ಎಂಬ ಭಾವನೆ ಗಟ್ಟಿಯಾಗಿಬಿಡುತ್ತದೆ ಎಂಬುದು ನಮ್ಮ ಪ್ರದರ್ಶನಗಳಲ್ಲಿ ನಾನು ಕಂಡದ್ದು. ನಾನಾದರೆ ಸ್ಪೇನಿನ ಪಾಬ್ಲೊ ಬೆರ್ಗರ್ 2012ರಲ್ಲಿ ತೆಗೆದ 'ಬ್ಲಾಂಕಾನಿಯೆವೆಸ್' ಚಿತ್ರವನ್ನು ಮೊದಲು ತೋರಿಸುತ್ತೇನೆ. ಅದು ಕಪ್ಪು-ಬಿಳುಪಿನ ಮೂಕಿಚಿತ್ರ. 1920ರ ದಶಕದ ಸೆವಿಯಾದಲ್ಲಿ ಗೂಳಿಕಾಳಗದ ವೀರನೊಬ್ಬನ ಮಗಳೇ ಅಲ್ಲಿ ಸ್ನೋ ವೈಟ್. ಮಾತಿಲ್ಲದ ಕಾರಣ ಭಾಷೆಯ ತೊಡಕಿಲ್ಲ. ಇಂಗ್ಲಿಷಿಗೆ ಅಂಜುವ ವಿದ್ಯಾರ್ಥಿಗಳೂ ಸಮನಾಗಿ ಮಾತನಾಡುತ್ತಾರೆ.

ಅದರ ಕೊನೆಯನ್ನು ಇಲ್ಲಿ ಹೇಳದೆ ಸಲಹೆ ಕೊಡಲಾಗದು, ಕ್ಷಮಿಸಿ. ವಿಷದ ಸೇಬು ತಿಂದ ಹುಡುಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಜಾತ್ರೆಯ ಪ್ರದರ್ಶನಕ್ಕೆ ಇಡುತ್ತಾರೆ. ಮುತ್ತಿಟ್ಟು ಎಬ್ಬಿಸುವ ಅದೃಷ್ಟ ತಮ್ಮದಿರಬಹುದೆಂದು ಜನ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾರೆ. ಅವಳು ಏಳುವುದಿಲ್ಲ. ರಾತ್ರಿ ಅವಳ ಕಣ್ಣಿನಿಂದ ಒಂದು ಹನಿ ಇಳಿಯುತ್ತದೆ, ಚಿತ್ರ ಮುಗಿಯುತ್ತದೆ. ಮುತ್ತಿನ ಕನಸನ್ನು ಇಷ್ಟು ವರ್ಷ ಟಿಕೆಟ್ ಕೊಂಡು ನೋಡುತ್ತ ಬಂದವರು ನಾವೇ ಅಲ್ಲವೇ ಎಂದು ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆಮೇಲೆ ಚರ್ಚೆಯನ್ನು ನಾನು ನಡೆಸಬೇಕಾಗಲೇ ಇಲ್ಲ.

ತರಗತಿ ಪಕ್ವವಾಗಿದ್ದರೆ, ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ಮತ್ತೆ ಹೇಳುವ ನೀಲ್ ಜೋರ್ಡನ್ ಅವರ 'ದ ಕಂಪನಿ ಆಫ್ ವುಲ್ವ್ಸ್' (1984) ನೋಡಿಸಿ. ಇಂಗ್ಲಿಷ್ ಲೇಖಕಿ ಏಂಜೆಲಾ ಕಾರ್ಟರ್ ತಮ್ಮ ಕಥೆಗಳನ್ನು ಆಧರಿಸಿ ಜೋರ್ಡನ್ ಜೊತೆ ಚಿತ್ರಕಥೆ ಬರೆದಿದ್ದಾರೆ. ಹುಡುಗಿಯ ಕನಸಿನೊಳಗೆ ಅಜ್ಜಿ ಕಥೆ ಹೇಳುತ್ತಾಳೆ, ಕೇಳಿದ ಹುಡುಗಿ ಮುಂದೆ ತಾನೇ ಹೇಳತೊಡಗುತ್ತಾಳೆ. ಮನುಷ್ಯ ತೋಳನಾಗುವ ದೃಶ್ಯಗಳು ಭೀಕರವಾಗಿವೆ, ಆದ್ದರಿಂದ ನೀವು ಒಮ್ಮೆ ಪೂರ್ತಿ ನೋಡಿಕೊಂಡು ತೀರ್ಮಾನಿಸಿ.

ಉತ್ತರ 3: ರಂಗಭೂಮಿಯಲ್ಲಿರುವವರೊಬ್ಬರು

ಹೇಳುವವರು ಯಾರು ಎಂಬ ಪ್ರಶ್ನೆಯನ್ನೇ ಹಿಡಿದು ಹೊರಡುವುದಾದರೆ, ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದ ಮೊದಲ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು ಅದಕ್ಕೆ ಆಧಾರ. ಪಾಳುಗುಡಿಯಲ್ಲಿ ರಾತ್ರಿ ದೀಪದ ಕುಡಿಗಳು ಸೇರಿ ಹರಟುತ್ತಿರುವಾಗ, ಯಾರಿಗೂ ಹೇಳದೆ ಮುದುಕಿಯೊಬ್ಬಳು ಬಚ್ಚಿಟ್ಟುಕೊಂಡಿದ್ದ ಕಥೆಯೇ ಹೆಣ್ಣಾಗಿ ಅಲ್ಲಿಗೆ ಬರುತ್ತದೆ; ಕಥೆ ಮುಗಿಯುವಾಗ ಕೇಳುಗರು ಆ ಕೊನೆಯನ್ನು ಒಪ್ಪದೆ ಬೇರೆಯದನ್ನು ಕೇಳುತ್ತಾರೆ. ಟಿ.ಎಸ್. ನಾಗಾಭರಣ ಅವರ ಸಿನಿಮಾ 1997ರಲ್ಲಿ ಬಂತು. ಮೂಕಿಚಿತ್ರ ನೋಡುವ ಮುಂಚಿನ ದಿನ ಈ ಓದು ಮುಗಿಸಿಕೊಂಡರೆ ವಿದ್ಯಾರ್ಥಿಗಳು ಬೇಕಾದ ಪ್ರಶ್ನೆಗಳೊಂದಿಗೇ ಬಂದು ಕೂರುತ್ತಾರೆ. ಪಾತ್ರ ಹಂಚಿ ಓದಿಸುವುದಕ್ಕೆ ಒಂದು ಪೀರಿಯಡ್ ಹಿಡಿಯುತ್ತದೆ.