ಅಪ್‌ಡೇಟ್: ಆ ಫಿನ್ನಿಶ್ ಸಿನಿಮಾ ಪೋಸ್ಟರ್ ಅಸಲಿ ಅಲ್ಲ

ಹೋದ ತಿಂಗಳು ಇಲ್ಲಿ ಎರಡು ಪ್ರಶ್ನೆ ಕೇಳಿದ್ದೆ. ಹೆಲ್ಸಿಂಕಿಯ ಹಳೆ ಸಾಮಾನಿನ ಅಂಗಡಿಯಲ್ಲಿ ನಾನು ಕೊಂಡ 'ಸುವೊಮಿಸೆನ್ ಪೆರ್ಹೆ' (ಸುವೊಮಿನೆನ್ ಕುಟುಂಬ, 1941) ಸಿನಿಮಾದ ಪೋಸ್ಟರ್ ಅಸಲಿಯಾ? ಆ ಹಾಸ್ಯ ಚಿತ್ರ ನಿಜವಾಗಿ ಯುದ್ಧಕಾಲದ ಪ್ರಚಾರದ ಸಿನಿಮಾನಾ?

ಮೊದಲನೆಯದಕ್ಕೆ ಉತ್ತರ ಸಿಕ್ಕಿತು. ನೀವು ಹೇಳಿದಂತೆ ಭೂತಗನ್ನಡಿ ಹಿಡಿದು ನೋಡಿದೆ. ಪೋಸ್ಟರಿನಲ್ಲಿರುವ ಹುಡುಗನ ಕೆನ್ನೆಯ ಬಣ್ಣದಲ್ಲಿ, ಫೋಟೋ ಅಚ್ಚು ಹಾಕಿದಾಗ ಬರುವಂಥ ಸಾಲುಸಾಲು ಸಣ್ಣ ಚುಕ್ಕೆಗಳು. ಮಡಿಕೆಯ ಗೆರೆಗಳೂ ಅಚ್ಚಾದವು, ಬೆರಳಿಗೆ ಹತ್ತುವುದೇ ಇಲ್ಲ. ಅಂದರೆ ಹಳೆ ಪೋಸ್ಟರಿನ ಫೋಟೋದಿಂದ ಮಾಡಿದ ಪ್ರತಿ. ಬೇಜಾರಾಯಿತು, ಆದರೂ ಗೋಡೆಗೆ ಹಾಕಿದ್ದೇನೆ.

ಎರಡನೆಯದಕ್ಕೆ ಸಿನಿಮಾನೇ ನೋಡಿದೆ. ರೇಡಿಯೋ ನಾಟಕದಿಂದ ಬಂದ ಮನೆಮಂದಿಯ ಕಥೆ. ಆ ಮನೆಯ ಹುಡುಗ ಓಲ್ಲಿಯಾಗಿ ಹದಿಹರೆಯದ ಲಾಸ್ಸೆ ಪೋಯ್ಸ್ತಿ ಎಷ್ಟು ಮುದ್ದಾಗಿದ್ದಾನೆ! ಶತ್ರುವನ್ನು ಬೈಯುವ ಪ್ರಚಾರ ಇದಲ್ಲ. ಆದರೆ ಆಗಿನ ಫಿನ್ಲೆಂಡ್ ನೆನಪಿಸಿಕೊಳ್ಳಿ. ಸೋವಿಯತ್ ಒಕ್ಕೂಟದ ಜೊತೆ ಯುದ್ಧ ಅಂತ ಸಾರ್ವಜನಿಕ ಡ್ಯಾನ್ಸ್ ನಿಷೇಧವಾಗಿತ್ತು, ಜನರಿಗೆ ಉಳಿದಿದ್ದು ಸಿನಿಮಾ. ಒಗ್ಗಟ್ಟಾಗಿ ನಗುವ ಒಂದು ಮನೆಯನ್ನು ತೋರಿಸುವುದೂ ಧೈರ್ಯ ತುಂಬುವ ಕೆಲಸವೇ ಅಲ್ವಾ? ನನಗಂತೂ ಹಾಗನ್ನಿಸಿತು.

ಅದೇ ಅಂಗಡಿಯವರು ಹಳೆ ರೀಲಿನ ಡಬ್ಬಿಯೊಂದನ್ನು ತೋರಿಸಿದರು. ಬೇಡ ಅಂದೆ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿದರೆ ಆರಿಸುವುದು ಕಷ್ಟ. 1959ರಲ್ಲಿ ಹೆಲ್ಸಿಂಕಿಯಲ್ಲಿ ಆಡಮ್ಸ್ ಫಿಲ್ಮಿ ಎಂಬ ಸಿನಿಮಾ ಕಂಪನಿಯ ದಾಸ್ತಾನಿಗೆ ಬೆಂಕಿ ಬಿದ್ದು ಎಷ್ಟೋ ಹಳೆ ಫಿನ್ನಿಶ್ ಚಿತ್ರಗಳ ನೆಗೆಟಿವ್‌ಗಳು ಸುಟ್ಟುಹೋದವು. ಅಂಥ ರೀಲು ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಹಳೆ ಸಿನಿಮಾ ಕಾಪಾಡುವ ಅಲ್ಲಿನ ರಾಷ್ಟ್ರೀಯ ಆಡಿಯೋವಿಶುವಲ್ ಸಂಸ್ಥೆಗೆ (KAVI) ತಿಳಿಸಿ. ಅಂಗಡಿಯವರಿಗೂ ಅದನ್ನೇ ಹೇಳಿ ಬಂದೆ.